ಸಂಕವ್ವನ ಮೈಯ ಪಾಠ

ನಮ್ಮ ಊರಿನಲ್ಲಿ ಚಳಿ ಬಿದ್ದ ಮೇಲೆ ಯಾರೂ ಯಾರೆದುರೂ ಅಂಗಿ ಬಿಚ್ಚುವುದಿಲ್ಲ. ಮೊದಲ ಮಂಜು ಇಳಿದ ಬೆಳಿಗ್ಗೆ ಎದ್ದರೆ ಕುತ್ತಿಗೆಯಿಂದ ತೊಡೆಯವರೆಗೆ ಚರ್ಮವೂ ಅದರಡಿಯ ಮಾಂಸವೂ ಬಾವಿಯ ನೀರಿನಂತೆ ತಿಳಿಯಾಗಿ, ಒಳಗಿನದೆಲ್ಲ ತಳದವರೆಗೆ ಕಾಣುತ್ತದೆ. ಮುಖ, ಕೈಕಾಲು ಇದ್ದ ಹಾಗೇ ಇರುತ್ತವೆ. ಅಷ್ಟರ ಮಟ್ಟಿಗೆ ನಮ್ಮ ಪುಣ್ಯ. ಬೇವು ಚಿಗುರುವ ಹೊತ್ತಿಗೆ ಮೈ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಡುವಿನ ಆ ದಿನಗಳಿಗೆ ನಾವು ತಿಳಿಗಾಲ ಎನ್ನುತ್ತೇವೆ.

ಇದಕ್ಕೆ ಹೇಗೆ ಹೊಂದಿಕೊಂಡೆವು ಎಂದು ಹೊರಗಿನವರು ಕೇಳುತ್ತಾರೆ. ಹೊಂದಿಕೊಳ್ಳದೆ ಎಲ್ಲಿಗೆ ಹೋಗುವುದು? ದೀಪಾವಳಿ ಮುಗಿಯುತ್ತಲೇ ಹೆಂಗಸರು ಕೌದಿಯ ದಪ್ಪಕ್ಕೆ ಕುಪ್ಪಸ ಹೊಲಿದಿಡುತ್ತಾರೆ. ಉಪವಾಸ ಎಂದು ಮನೆಯಲ್ಲಿ ಹೇಳಿ ಪೇಟೆಯಲ್ಲಿ ಮಿರ್ಚಿ ಭಜಿ ತಿಂದು ಬಂದ ಗಂಡಸರು ಅಂಗಿಯ ಮೇಲೆ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಬೆವರುತ್ತಾ ಕೂರುತ್ತಾರೆ. ಹೆಂಡಂದಿರು ಆ ಬೆವರು ನೋಡಿಯೇ ಭಜಿಯ ಲೆಕ್ಕ ಹಾಕುತ್ತಾರೆ. ಕೂಸು ಹುಣಸೆ ಬೀಜ ನುಂಗಿದರೆ ತಾಯಿ ಗಾಬರಿಯಾಗುವುದಿಲ್ಲ. ಅಂಗಿ ಎತ್ತಿ, ಬೀಜ ಎಲ್ಲಿಗೆ ಬಂತೆಂದು ನೋಡಿ, ಮತ್ತೆ ಒಲೆಯ ಕಡೆ ಹೋಗುತ್ತಾಳೆ. ಕೂಸುಗಳ ಮಟ್ಟಿಗೆ ಇದು ನಡೆಯುತ್ತದೆ. ದೊಡ್ಡವರ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಒಬ್ಬರು ತಾವಾಗಿ ಕರೆದು ತೋರಿಸದೆ ಅವರ ಒಳಗನ್ನು ನೋಡಬಾರದು. ನೋಡಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ತನ್ನದನ್ನು ತಾನೂ ನೋಡಿಕೊಳ್ಳಬಾರದು, ನೋಡಿಕೊಂಡರೆ ಊಟ ಸೇರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹಾಗಾಗಿ ಆ ಕಾಲದಲ್ಲಿ ಕನ್ನಡಿಗಳನ್ನು ಗೋಡೆಗೆ ಮುಖ ಮಾಡಿ ತೂಗುಹಾಕುತ್ತೇವೆ, ಬಚ್ಚಲಲ್ಲಿ ದೀಪ ಹಚ್ಚುವುದಿಲ್ಲ.

ನಮ್ಮ ಮನೆಯವರು ಸತ್ತದ್ದು ಬೇಸಿಗೆಯಲ್ಲಿ, ಮೈ ಮುಚ್ಚಿದ ಕಾಲದಲ್ಲಿ. ಹೊಟ್ಟೆ ಹಿಡಿದುಕೊಂಡು ಮಲಗಿದರು. ಒಬ್ಬರು ಜಂತು ಅಂದರು, ಇನ್ನೊಬ್ಬರು ವಾಯು ಅಂದರು. ಓಮದ ಕಷಾಯ ಕುಡಿಸಿದೆವು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕೈ ಮೀರಿತ್ತು. “ತಿಳಿಗಾಲದಾಗ ಆಗಿದ್ರ ಕಾಣ್ತಿತ್ತು ನೋಡವಾ” ಎಂದು ಮಾತಾಡಿಸಲು ಬಂದವರೆಲ್ಲ ಅಂದರು. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ವರ್ಷದಲ್ಲಿ ಮೈ ತೆರೆದಿರುವ ದಿನಗಳಿಗಿಂತ ಮುಚ್ಚಿರುವ ದಿನಗಳೇ ಹೆಚ್ಚು. ಕಾಯಿಲೆ ಬೀಳುವುದಕ್ಕೂ ಚಳಿಗಾಲವನ್ನೇ ಕಾಯಬೇಕೇನು?

ನಾನು ಕಾಲೇಜಿನ ಎದುರು ಖಾನಾವಳಿ ನಡೆಸುತ್ತಿದ್ದವಳು. ಡಾಕ್ಟರಾಗಿ ಹೋದ ಹುಡುಗರು ಎಷ್ಟೋ ಮಂದಿ ನನ್ನ ರೊಟ್ಟಿ ತಿಂದವರು. ಆಸ್ಪತ್ರೆಗೆ ಸಹಾಯಕಿಯರು ಬೇಕೆಂದು ಕಾಲೇಜಿನವರು ಒಂದು ಹೊಸ ವರ್ಗ ತೆರೆದರು. ವಯಸ್ಸಿನ ಅಡ್ಡಿಯಿಲ್ಲ ಎಂದು ಬಾಗಿಲಿಗೆ ಹಚ್ಚಿದ್ದನ್ನು ನೋಡಿದವಳೇ ಖಾನಾವಳಿಯ ಸೌಟನ್ನು ನಾದಿನಿಯ ಕೈಗೆ ಕೊಟ್ಟು ಹೆಸರು ಹಚ್ಚಿ ಬಂದೆ. ಮುಚ್ಚಿದ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗೆ ಏನಾಗಿದೆ ಎಂದು ಹೇಳುವ ವಿದ್ಯೆ ನನಗೆ ಬೇಕಾಗಿತ್ತು. ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಬಿಳಿ ಕೋಟು, ವಾರ್ಡಿನಲ್ಲಿ ಕೆಲಸ. ಬಿದ್ದವರು ಮನೆಗೆ. ಎರಡನೆಯ ಸಲ ಕೂರಿಸುವ ಪದ್ಧತಿ ಇರಲಿಲ್ಲ.

ಮೊದಲ ದಿನ ನನ್ನನ್ನು ನೋಡಿ ಹುಡುಗಿಯರು ಎದ್ದು ನಿಂತು ನಮಸ್ಕಾರ ಮಾಡಿದರು, ಪಾಠ ಹೇಳುವವಳೆಂದುಕೊಂಡು. ನಾನು ಹೋಗಿ ಅವರ ಪಕ್ಕದಲ್ಲೇ ಕೂತಾಗ ಬಟ್ಟೆ ಅಂಗಡಿಯವರ ಮಗಳು ಫರೀದಾ ಬಾಯಿಗೆ ಓಡಣಿ ಒತ್ತಿಕೊಂಡು ನಕ್ಕಳು. “ನೀಲಕ್ಕ, ನೀವು ಪಾಸಾದ್ರ ನಮಗ ಝುಣಕ ಯಾರು ಮಾಡಿ ಹಾಕ್ತಾರ್ರೀ?” “ನೀ ಫೇಲಾದ್ರ ನೀನ ಮಾಡೀಯಂತ ಬಾ, ಜಾಗ ಖಾಲಿ ಐತಿ” ಎಂದೆ. ಅಂದಿನಿಂದ ಇಬ್ಬರಿಗೂ ಗೆಳೆತನವಾಯಿತು.

ಪಾಠ ಹೇಳುವವರು ಡಾಕ್ಟರ್ ವತ್ಸಲಾಬಾಯಿ, ನಮಗೆಲ್ಲ ಬಾಯಾರು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವವರೂ ಅವರೇ. ಸಣ್ಣ ಆಳು, ದೊಡ್ಡ ದನಿ. ಪ್ರಯೋಗಶಾಲೆ ಎಂದರೆ ಒಂದು ಉದ್ದನೆಯ ಕೋಣೆ. ಸಾಲಾಗಿ ಮಂಚಗಳು, ಪ್ರತಿ ಮಂಚದ ಸುತ್ತ ನೆಲ ಮುಟ್ಟುವ ಪರದೆ. ಊರಿನ ಜನರೇ ಬಂದು ಆ ಮಂಚಗಳ ಮೇಲೆ ಮಲಗುತ್ತಿದ್ದರು. ಅವರನ್ನು ಮಂಚದವರು ಎನ್ನುತ್ತಿದ್ದೆವು. ಒಬ್ಬ ಕಲಿಯುವವಳಿಗೆ ಒಬ್ಬ ಮಂಚದವರು, ತಿಳಿಗಾಲ ಮುಗಿಯುವವರೆಗೆ ಅವರೇ. ಪಕ್ಕದ ಪರದೆಯೊಳಗೆ ಇಣುಕುವ ಹಾಗಿಲ್ಲ. ವತ್ಸಲಾಬಾಯಿಯವರೂ ಒಳಗೆ ಬರುತ್ತಿರಲಿಲ್ಲ. ಪರದೆಗಳ ನಡುವೆ ಓಡಾಡುತ್ತಾ ಹೊರಗಿನಿಂದಲೇ ಕೂಗಿ ಪಾಠ ಹೇಳುತ್ತಿದ್ದರು. “ಎಡಗಡೆ ನೋಡ್ರಿ, ಬಡೀಲಿಕ್ಕೆ ಹತ್ತಿದ್ದು ಹೃದಯ. ಬಲಗಡೆ ಪಕ್ಕೆಲುಬಿನ ಕೆಳಗ ಕಂದು ಬಣ್ಣದ್ದು ದೊಡ್ಡದು ಅದ ಅಲ್ಲ, ಅದು ಯಕೃತ್ತು.” ನಾವು ಒಳಗೆ ಕಂಡದ್ದನ್ನು ಪಾಟಿಯ ಮೇಲೆ ಬರೆದು, ಬಾಯಲ್ಲಿ ಹೇಳಿ, ಹೊರಗೆ ಬರುವ ಮುನ್ನ ಒರೆಸಿಬಿಡಬೇಕು. ಒಬ್ಬರ ಒಳಗು ಪರದೆ ದಾಟಿ ಬರಬಾರದೆಂಬುದು ನಮ್ಮ ಮರ್ಯಾದೆ.

ನನಗೆ ಸಿಕ್ಕವಳು ಹಿಟ್ಟಿನ ಗಿರಣಿಯ ಸಂಕವ್ವ. ಜೀವಮಾನವೆಲ್ಲ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಮಂಚದ ಮೇಲೆ ಮಲಗಲು ಯಾಕೆ ಒಪ್ಪಿದೆ ಎಂದರೆ, “ಇಲ್ಲೆ ಗಿರಣಿ ಸಪ್ಪಳ ಇಲ್ಲವಾ, ಮ್ಯಾಲೆ ಉಪ್ಪಿಟ್ಟು ಕೊಡ್ತಾರ” ಅಂದಳು. ಹೆಣ್ಣುಮಕ್ಕಳನ್ನು ಮನೆಯಲ್ಲೇ ಹೆತ್ತವಳು, ಡಾಕ್ಟರ ಕೈ ತನ್ನ ಮೈಗೆ ತಾಗಿಲ್ಲವೆಂದು ಹೆಮ್ಮೆಪಡುತ್ತಿದ್ದಳು. ಮೊದಲ ದಿನ ಕೌದಿ ಕುಪ್ಪಸದ ಗುಂಡಿ ಬಿಚ್ಚುವಾಗ ಮಾತ್ರ ಪರದೆ ಪೂರ್ತಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿಕೊಂಡಳು. “ನನ್ನ ಗಂಡನೂ ನೋಡಿಲ್ಲ ತಂಗಿ ಇದನ್ನ. ಚಂದ ನೋಡು, ನೋಡಿದ ಮ್ಯಾಲೆ ನಗಬ್ಯಾಡ.”

ನಾನು ನಗಲಿಲ್ಲ. ಅವಳ ಕಾಲ ಕಡೆ, ಎದುರಾಗಿ ಕೂತು ನೋಡಿದೆ. ಪಕ್ಕೆಲುಬುಗಳ ಕಟಾಂಜನದ ಹಿಂದೆ ಪುಪ್ಪುಸಗಳು ಉಬ್ಬಿ ಇಳಿಯುತ್ತಿದ್ದವು. ನನ್ನ ಎಡಗೈ ಇದ್ದ ಕಡೆ ಅವಳ ಹೃದಯ ತನ್ನ ಪಾಡಿಗೆ ತಾನು ಕುಟ್ಟುತ್ತಿತ್ತು. ನನ್ನ ಎದೆ ಮುಟ್ಟಿಕೊಂಡೆ; ನನ್ನದೂ ಎಡಕ್ಕೇ. ಹೊರಗಿನಿಂದ ಬಾಯಾರೂ ಎಡಗಡೆ ಎಂದೇ ಕೂಗುತ್ತಿದ್ದಾರೆ. ಸರಿಯಾಗಿಯೇ ಇದೆಯಲ್ಲ ಎಂದುಕೊಂಡು ಪಾಟಿಯ ಮೇಲೆ ಬರೆದುಕೊಂಡೆ.

ಒಂದು ದಿನ ಅರಿಶಿನ ಹಾಕಿದ ಹಾಲಿನ ಪ್ರಯೋಗ. ಮಂಚದವರಿಗೆ ಹಾಲು ಕುಡಿಸಿ ಅದು ಇಳಿಯುವ ದಾರಿಯನ್ನು ನಾವು ಬಾಯಿಬಿಟ್ಟು ಹೇಳಬೇಕು. ಸಂಕವ್ವ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದಳು. ಹಳದಿ ಗೆರೆಯೊಂದು ಗಂಟಲಿನಿಂದ ಎದೆಯ ನಡುವೆ ಇಳಿದು ಜಠರದ ಚೀಲಕ್ಕೆ ಸೇರಿತು. ಚೀಲ ಅದನ್ನು ಮೆಲ್ಲಗೆ ಹಿಸುಕಿ, ಉರುಳಿಸಿ, ಮತ್ತೆ ಹಿಸುಕಿತು, ಕಣಕ ನಾದುವ ಹಾಗೆ. ಇಷ್ಟು ವರ್ಷ ಊರಿಗೆಲ್ಲ ಉಣಬಡಿಸಿದವಳು ನಾನು. ಅನ್ನ ತಟ್ಟೆಯಿಂದ ಎದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದ್ದು ಅವತ್ತೇ. ಒಳಗೂ ಒಬ್ಬಳು ಅಡುಗೆಯವಳು ಕೂತಿದ್ದಾಳೆ ಅನ್ನಿಸಿ ಕಣ್ಣಲ್ಲಿ ನೀರು ಬಂತು.

“ಯಾಕ, ಹೊಟ್ಟ್ಯಾಗ ಏನರೆ ಕೆಟ್ಟದ್ದು ಕಾಣತೈತೇನು?” ಸಂಕವ್ವ ತಲೆ ಎತ್ತಿದಳು.

“ಇಲ್ಲ ಯಕ್ಕಾ. ಹಾಲು ಇಳಿಯೂದು ನೋಡಾಕತ್ತೀನಿ.”

“ಅಳೂ ಅಂಥಾದ್ದೇನು ಐತಿ ಅದರಾಗ? ಮುಂಜಾನಿ ತಿಂದ ಉಪ್ಪಿಟ್ಟು ಎಲ್ಲಿಗೆ ಬಂತು, ಅದನ್ನರೆ ಹೇಳು.”

“ಇನ್ನೂ ತಿರುವಿನ್ಯಾಗ ಕುಂತೈತಿ.”

“ಕುಂತಿದ್ರ ಎಬ್ಬಸು ಅದನ್ನ! ಮಧ್ಯಾಹ್ನ ಊಟಕ್ಕ ಜಾಗ ಬೇಕು ನನಗ.” ಪಕ್ಕದ ಪರದೆಗಳೆಲ್ಲ ನಕ್ಕವು.

ಆ ಚಳಿಗಾಲ ಪೂರ್ತಿ ನಾನು ಅವಳ ಒಳಗಿನಲ್ಲೇ ವಾಸ ಮಾಡಿದೆ. ಪಿತ್ತಕೋಶದ ಹಸಿರು, ಗುಲ್ಮದ ಕೆಂಪು, ಕರುಳಿನ ಸುರುಳಿ, ದೊಡ್ಡ ಕರುಳು ಶುರುವಾಗುವಲ್ಲಿ ಹುಳುವಿನಂತೆ ಜೋತುಬಿದ್ದ ಸಣ್ಣ ಬಾಲ. ಅದಕ್ಕೆ ಅಪೆಂಡಿಕ್ಸ್ ಎನ್ನುತ್ತಾರೆ. ಬಲಗಡೆ ಕೆಳಹೊಟ್ಟೆಯಲ್ಲಿರುತ್ತದೆ ಎಂದು ಬಾಯಾರು ಕೂಗಿದರು. ನನ್ನ ಬಲಗೈ ಕಡೆ ನೋಡಿದೆ, ಇತ್ತು. ಕಣ್ಣುಮುಚ್ಚಿ ಬೆರಳಿಟ್ಟರೂ ಅದರ ಮೇಲೇ ಬೀಳುವಷ್ಟು ರೂಢಿಯಾಯಿತು. ನಮ್ಮ ವರ್ಗಕ್ಕೆ ಕೊಟ್ಟಿದ್ದ ಒಂದೇ ಒಂದು ಚಿತ್ರದ ಪುಸ್ತಕದಲ್ಲಿ ಮಾತ್ರ ಎಲ್ಲ ಅದಲುಬದಲಾಗಿ ಕಾಣುತ್ತಿತ್ತು. ಆ ಚಿತ್ರದ ಮನುಷ್ಯನಿಗೆ ತಲೆಯೂ ಇರಲಿಲ್ಲ, ಹೊಕ್ಕಳೂ ಇರಲಿಲ್ಲ. ಬೆನ್ನ ಕಡೆಯಿಂದ ಬರೆದಿದ್ದಾರೆ ಎಂದು ನಾನೇ ತೀರ್ಮಾನಿಸಿ ಪುಸ್ತಕ ಮುಚ್ಚಿಟ್ಟೆ. ಎದುರಿಗೆ ಜೀವಂತ ಸಂಕವ್ವ ಇರುವಾಗ ತಲೆಯಿಲ್ಲದವನ ಮಾತು ಯಾರು ಕೇಳುತ್ತಾರೆ? ಬಾಯಿಪಾಠದಲ್ಲಿ ನನಗೆ ಒಂದೂ ತಪ್ಪುತ್ತಿರಲಿಲ್ಲ. ಹೃದಯ? ಎಡಕ್ಕೆ. ಯಕೃತ್ತು? ಬಲಕ್ಕೆ. “ಭೇಷ್ ನೀಲಗಂಗವ್ವ!” ಎಂದು ಬಾಯಾರು ಪರದೆಯಾಚೆಯಿಂದ ಕೂಗುತ್ತಿದ್ದರು.

ಬೇವು ಚಿಗುರಿತು, ಮೈಗಳು ಮುಚ್ಚಿದವು, ಪರೀಕ್ಷೆ ಬಂತು. ಆ ವರ್ಷ ಮೊದಲ ಬಾರಿಗೆ ಹೊರಗಿನಿಂದ ಪರೀಕ್ಷಕರನ್ನು ಕರೆಸಿದ್ದರು, ಡಾಕ್ಟರ್ ಚಿದಂಬರಯ್ಯ ಎಂಬವರನ್ನು. ಬಡಕಲು ಮನುಷ್ಯ, ನಗು ಕಡಿಮೆ, ಆದರೆ ಕೆಟ್ಟವರಲ್ಲ. ಅವರು ಬರುವಾಗ ಮರದ ಬೊಂಬೆಯೊಂದನ್ನು ತಂದಿದ್ದರು. ತಲೆಯಿಂದ ಸೊಂಟದವರೆಗಿನ ಆಳು. ಎದೆ ಹೊಟ್ಟೆ ತೆರೆದಿದ್ದು, ಒಳಗೆ ಗೂಡುಗಳು. ಬಣ್ಣ ಬಳಿದ ಅಂಗಗಳನ್ನು ಬುಟ್ಟಿಯಲ್ಲಿ ಹಾಕಿಟ್ಟು ಅಂದರು: “ಅಮ್ಮಾ, ಇವನ್ನು ಅದರದರ ಜಾಗದಲ್ಲಿ ಕೂರಿಸಿ.”

ಇಷ್ಟೇನಾ ಎಂದು ಸೆರಗು ಸಿಕ್ಕಿಸಿ ನಿಂತೆ. ಹೃದಯವನ್ನು ಎತ್ತಿ ನನ್ನ ಎಡಕ್ಕೆ ಇಟ್ಟೆ. ಕೂರಲಿಲ್ಲ. ಮರ ಥಂಡಿಗೆ ಉಬ್ಬಿರಬೇಕು ಎಂದು ಅಂಗೈಯಿಂದ ಒಂದು ಗುದ್ದು ಕೊಟ್ಟೆ. ಯಕೃತ್ತನ್ನು ಬಲಕ್ಕೆ ತುರುಕಿದೆ. ಜಠರವನ್ನು ಒತ್ತಿ ಹಿಡಿದೆ. ಕೈ ಬಿಟ್ಟೊಡನೆ ಅದು ಪರೀಕ್ಷಕರ ಕಾಲಬಳಿ ಹೋಗಿ ಬಿತ್ತು. ಹಿಂದೆ ಹುಡುಗಿಯರು ಕಿಸಕ್ಕೆಂದರು. ಚಿದಂಬರಯ್ಯನವರು ಬಗ್ಗಿ ಅದನ್ನು ಎತ್ತಿಕೊಂಡು, ಕನ್ನಡಕ ತೆಗೆದು, ಬೊಂಬೆಯನ್ನೂ ನನ್ನನ್ನೂ ನೋಡಿದರು. “ಪೂರ್ತಿ ತಿರುಗಾಮುರುಗಾ ಮಾಡಿದ್ದೀರಲ್ಲ ಅಮ್ಮಾ. ಒಂದೆರಡು ತಪ್ಪಿದ್ದರೆ ಮರೆತಿರಿ ಅನ್ನಬಹುದಿತ್ತು. ಇದು ನೋಡಿಯೇ ಇಲ್ಲದವರ ಕೆಲಸ.”

“ನೋಡೀನಿ ಸಾಹೇಬ್ರ, ಚಳಿಗಾಲ ಪೂರಾ ನೋಡೀನಿ.”

“ಹೃದಯ ಎಡಗಡೆ ಅಂದರೆ ಆ ಮನುಷ್ಯನ ಎಡಗಡೆ. ನಿಮ್ಮ ಎಡಗಡೆಯಲ್ಲ.” ಅವರು ಕೆಂಪು ಶಾಯಿಯಲ್ಲಿ ಏನೋ ಬರೆದರು. ವತ್ಸಲಾಬಾಯಿಯವರ ಮುಖ ಬಾಡಿತು. “ಹಿಂಗ ಯಾಕ ಮಾಡಿದ್ರಿ ನೀಲಗಂಗವ್ವ? ಬಾಯಾಗ ಎಲ್ಲಾ ಸರಿ ಹೇಳ್ತಿದ್ದಿರಲ್ಲ” ಎಂದರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನನ್ನ ಎರಡು ಕೈಗಳನ್ನು ನೋಡಿಕೊಂಡೆ. ಎಡ ಬಲ ಗೊತ್ತಿಲ್ಲದ ಹೆಂಗಸು ಮಂದಿಯ ಹೊಟ್ಟೆಯ ಮೇಲೆ ಕೈ ಇಡಲು ಹೊರಟಿದ್ದಳಲ್ಲ ಎಂದು ನಾಚಿಕೆಯಾಯಿತು. ಫರೀದಾ ಬಂದು ಪಕ್ಕದಲ್ಲಿ ಕೂತಳು. ಅವಳು ಪಾಸಾಗಿದ್ದಳು, ಆದರೂ ನಗಲಿಲ್ಲ, ನನ್ನ ಮೊಣಕೈ ಹಿಡಿದುಕೊಂಡಳು.

ನಾವು ಹಾಗೆ ಕೂತಿರುವಾಗಲೇ ಆಸ್ಪತ್ರೆಯ ಬಾಗಿಲಿಗೆ ಗಿರಣಿಯ ಎತ್ತಿನ ಬಂಡಿ ಬಂತು. ಹಿಟ್ಟಿನ ಚೀಲಗಳ ಮೇಲೆ ಸಂಕವ್ವ ಮುದುಡಿ ಮಲಗಿದ್ದಳು. ಅವಳು ಕೂಗುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ನಾನು ಓಡಿ ಹೋಗುವಷ್ಟರಲ್ಲಿ ಪಾಳಿಯಲ್ಲಿದ್ದ ಕಿರಿಯ ಡಾಕ್ಟರು ಅವಳನ್ನು ನೋಡುತ್ತಿದ್ದರು. ನಿನ್ನೆಯಿಂದ ಹೊಕ್ಕಳ ಸುತ್ತ ನೋವು, ಇವತ್ತು ಎಡಗಡೆ ಕೆಳಗೆ ಇಳಿದಿದೆ, ವಾಂತಿ, ಮೈ ಬಿಸಿ ಎಂದು ಅವಳ ಮಗಳು ಹೇಳಿದಳು. ಡಾಕ್ಟರು ಬಲಗಡೆ ಕೆಳಹೊಟ್ಟೆಯನ್ನು ಒತ್ತಿ ನೋಡಿದರು, ಅಲ್ಲಿ ಮೆತ್ತಗಿತ್ತು. “ಅಪೆಂಡಿಕ್ಸ್ ಇದ್ರ ಈ ಕಡೆ ನೋಯಬೇಕಿತ್ತು. ಎಡಕ್ಕ ನೋವಂದ್ರ ವಾಯುನೋ ಮಲಬದ್ಧತೆನೋ ಇರಬೇಕು. ಔಷಧ ಕೊಡ್ತೀನಿ, ಬೆಳಗ್ಗಿ ತನಕ ನೋಡೋಣ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಲೋಕದ ಎಲ್ಲ ಹೊಟ್ಟೆಗಳಿಗೂ ಅದು ಸರಿಯಾದ ಮಾತು.

ವಾಯು. ಬೆಳಗ್ಗಿ ತನಕ. ಈ ಮಾತುಗಳನ್ನು ನಾನು ಮೊದಲೂ ಕೇಳಿದ್ದೆ.

ಸಂಕವ್ವನ ಕೈ ಅವಳ ಹೊಟ್ಟೆಯ ಮೇಲಿತ್ತು. ಆ ಕೈ ಇದ್ದ ಜಾಗ ನನಗೆ ಗೊತ್ತು. ಆ ಬಾಲ ಅಲ್ಲೇ ಇರುವುದು. ಎಷ್ಟು ಸಲ ಬೆರಳಿಟ್ಟು ತೋರಿಸಿದ್ದೇನೆ. ಆದರೆ ಈಗಷ್ಟೇ ದೊಡ್ಡ ಪರೀಕ್ಷಕರು, ನೀನು ನೋಡಿದ್ದೆಲ್ಲ ಉಲ್ಟಾ ಎಂದಿದ್ದಾರೆ. ಅವರು ಓದಿದವರು, ನೂರಾರು ಮೈ ನೋಡಿದವರು. ನಾನು ನೋಡಿದ್ದು ಒಂದೇ ಮೈ.

ಒಂದೇ ಮೈ! ಆದರೆ ಅದು ಇದೇ ಮೈಯಲ್ಲವೇ?

ಮಗಳ ಮುಖ ನೋಡಿ, “ನಾ ನೋಡಬಹುದೇನ ಯಕ್ಕಾ?” ಎಂದು ಸಂಕವ್ವನನ್ನು ಕೇಳಿದೆ. ಮೈ ಮುಚ್ಚಿದ್ದರೂ ಕೇಳುವುದು ಕೇಳಬೇಕು. ಅವಳು ಕಣ್ಣು ತೆರೆದು, “ನೀ ಇನ್ನ ಕೇಳಬೇಕೇನ ಹುಚ್ಚಿ” ಎಂದು ಉಸುರಿದಳು. ನಾನು ಮಂಚದ ತಲೆಯ ಕಡೆ ಹೋಗಿ, ಅವಳು ನೋಡುವ ಕಡೆಯೇ ಮುಖ ಮಾಡಿ ನಿಂತೆ. ಇಡೀ ಚಳಿಗಾಲ ಎದುರಿಗೆ ಕೂತವಳು ಮೊದಲ ಸಲ ಅವಳ ಹಿಂದೆ ನಿಂತಿದ್ದೆ. ಈಗ ಅವಳ ಎಡ ನನ್ನ ಎಡ ಒಂದೇ. ನನ್ನ ಎಡಗೈಯನ್ನು ಅವಳ ಎದೆಯ ಎಡಕ್ಕೆ ಇಟ್ಟೆ. ಏನೂ ಇಲ್ಲ. ಬಲಗೈಯನ್ನು ಬಲಕ್ಕೆ ಇಟ್ಟೆ. ಅಂಗೈಯಡಿ ಸಂಕವ್ವನ ಹೃದಯ ಗಿರಣಿಯ ಪಟ್ಟಿಯಂತೆ ಬಡಿಯುತ್ತಿತ್ತು.

ಕಾರಿಡಾರಿನಲ್ಲಿ ಓಡಿದವಳ ಸೆರಗು ನೆಲ ಗುಡಿಸುತ್ತಿತ್ತು. ವತ್ಸಲಾಬಾಯಿಯವರು ಪರೀಕ್ಷಕರ ಜೊತೆ ಚಹಾ ಕುಡಿಯುತ್ತಿದ್ದರು. “ಬಾಯಾರ, ಏಳ್ರಿ. ಸಂಕವ್ವಂದು ಅಪೆಂಡಿಕ್ಸ್. ಎಡಗಡೆ ಐತಿ. ಅಕಿ ಎಡಗಡೆ, ನನ್ನ ಎಡಗಡೆ ಅಲ್ಲ.”

“ಅಮ್ಮಾ, ಪರೀಕ್ಷೆ ಮುಗಿಯಿತು” ಎಂದರು ಚಿದಂಬರಯ್ಯನವರು.

“ನನ್ನ ಫೇಲ್ ಮಾಡ್ರಿ ಸಾಹೇಬ್ರ, ಹತ್ತು ಸಲ ಮಾಡ್ರಿ. ಮೊದಲ ಅಕಿ ಬಲಗಡೆ ಎದಿಗೆ ಒಮ್ಮೆ ಕಿವಿ ಕೊಡ್ರಿ. ಎದಿ ಸಪ್ಪಳ ಅಲ್ಲಿ ಕೇಳಲಿಲ್ಲಂದ್ರ ನಾ ಇವತ್ತ ಖಾನಾವಳಿಗೆ ಹೋಗಿ ರೊಟ್ಟಿ ಬಡೀತೀನಿ, ಮತ್ತ ಈ ಕಡೆ ಮಾರಿ ಹಾಕೂದಿಲ್ಲ.”

ಇಬ್ಬರೂ ಬಂದರು. ವತ್ಸಲಾಬಾಯಿ ಕುಪ್ಪಸ ಸರಿಸಿ, ಸ್ಟೆತಾಸ್ಕೋಪನ್ನು ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಅವರ ಹುಬ್ಬು ಏರಿತು. ಅದನ್ನು ಕಿವಿಯಿಂದ ತೆಗೆದು ಚಿದಂಬರಯ್ಯನವರಿಗೆ ಕೊಟ್ಟರು. ಅವರು ಬಹಳ ಹೊತ್ತು ಬಗ್ಗಿ ಕೇಳಿದರು. ತಲೆ ಎತ್ತಿದಾಗ ಆ ನಗದ ಮುಖದ ಮೇಲೆ ಮಕ್ಕಳಿಗೆ ಆಗುವಂಥ ಖುಷಿ ಇತ್ತು. “ಒಳಗೆಲ್ಲ ಕನ್ನಡಿ ಹಿಡಿದ ಹಾಗಿದೆ! ಇಂಥವರು ಸಾವಿರಕ್ಕೆ ಒಬ್ಬರೂ ಸಿಗುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಓದಿದ್ದೇ ಹೊರತು ಕಂಡಿರಲಿಲ್ಲ.”

“ನೀಲಗಂಗವ್ವ, ಇಕಿ ಹಿಂಗ ಇದ್ದಾಳಂತ ಚಳಿಗಾಲದಾಗ ಯಾಕ ಹೇಳಲಿಲ್ಲ?” ವತ್ಸಲಾಬಾಯಿ ಕೇಳಿದರು.

“ಎಲ್ಲಾರೂ ಹಿಂಗ ಇರ್ತಾರಂತ ತಿಳಕೊಂಡಿದ್ದೆ ಬಾಯಾರ. ಬ್ಯಾರೆಯವರನ್ನ ನಾ ಎಲ್ಲಿ ನೋಡೀನಿ?”

ಅವರು ಒಂದು ಕ್ಷಣ ಸಾಲು ಪರದೆಗಳ ಆ ಉದ್ದನೆಯ ಕೋಣೆಯ ಕಡೆ ನೋಡಿದರು. “ಖರೇ. ನಾನರೆ ಎಲ್ಲಿ ಒಳಗ ಬಂದು ನೋಡಿದೆ?” ಎಂದರು. ಆಮೇಲೆ ಕೋಟಿನ ತೋಳು ಮಡಚಿದರು. “ಇನ್ನ ತಡ ಮಾಡೂದು ಬ್ಯಾಡ. ನೀವು ನನ್ನ ಜೋಡಿ ಒಳಗ ಬರ್ರಿ. ನನ್ನ ಕೈಗೆ ರೂಢಿ ಇರೂದೆಲ್ಲಾ ಆ ಕಡೆದು. ಈ ಹೊಟ್ಟಿ ದಾರಿ ನಿಮಗ ಗೊತ್ತದ.”

ಗಾಡಿಯ ಮೇಲೆ ಒಳಗೆ ಒಯ್ಯುವಾಗ ಸಂಕವ್ವ ನನ್ನ ಬೆರಳು ಹಿಡಿದುಕೊಂಡಳು. “ಏನಂತ ನೀಲಾ? ನನ್ನ ಒಳಗ ಏನ ತಪ್ಪೈತಂತ?”

“ತಪ್ಪೇನಿಲ್ಲ ಯಕ್ಕಾ. ನಿನ್ನ ಎದಿ ಬಲಕ್ಕೈತಿ.”

ನೋವಿನಲ್ಲೂ ಅವಳ ಬಾಯಿ ಅರಳಿತು. “ಹಂಗಾರ ನಮ್ಮ ಅತ್ತಿ ಸುಳ್ಳ ಹೇಳಿದ್ಲು ನೋಡು. ಇಕಿಗೆ ಎದ್ಯಾಗ ಕರುಣೆ ಇಲ್ಲಂತ ಊರೆಲ್ಲಾ ಹೇಳಕೊಂತ ತಿರಗತಿದ್ಲು. ತಪ್ಪ ಜಾಗಾದಾಗ ಹುಡಕ್ಯಾಳ ಮುದುಕಿ.”

ಆ ಕೋಣೆಯಲ್ಲಿ ನನಗೆ ಹೆದರಿಕೆಯಾಗಲಿಲ್ಲ. ವತ್ಸಲಾಬಾಯಿಯವರ ಕೈ ಒಮ್ಮೆ ರೂಢಿಯಂತೆ ಆ ಕಡೆ ಸರಿಯಿತು. “ಈ ಕಡೆ ಬಾಯಾರ, ನಿಮ್ಮ ಹೆಬ್ಬೆರಳಿನ ಕೆಳಗ, ಕರುಳಿನ ಹಿಂದ ಮಡಚಿಕೊಂಡಿರ್ತೈತಿ” ಎಂದೆ. ಮಡಚಿಕೊಂಡೇ ಇತ್ತು. ಚಳಿಗಾಲದಲ್ಲಿ ಹುಳುವಿನಷ್ಟು ಇದ್ದದ್ದು ಊದಿ ಕೆಂಪು ಮೆಣಸಿನಕಾಯಿಯಷ್ಟಾಗಿತ್ತು, ಇನ್ನೇನು ಒಡೆಯುವುದರಲ್ಲಿತ್ತು. ಬಾಯಾರು ಅದನ್ನು ಕಟ್ಟಿ, ಕತ್ತರಿಸಿ, ತಟ್ಟೆಯಲ್ಲಿಟ್ಟರು. ತಟ್ಟೆ ಹಿಡಿದಿದ್ದವಳು ನಾನು. ನಮ್ಮ ಮನೆಯವರ ಹೊಟ್ಟೆಯೊಳಗೆ ಇದ್ದದ್ದೂ ಇಂಥದ್ದೇ ಇರಬೇಕು. ಅದನ್ನು ಅಷ್ಟು ಹತ್ತಿರದಿಂದ ದಿಟ್ಟಿಸಿ ನೋಡಿದೆ. ಸಿಕ್ಕಿಬಿದ್ದೆಯಲ್ಲ ಎಂದು ಮನಸ್ಸಿನಲ್ಲೇ ಅಂದೆ.

ಮರುದಿನ ಬೆಳಿಗ್ಗೆ ವಾರ್ಡಿನ ಆಚೆಗೂ ಕೇಳುವಂತೆ ಸಂಕವ್ವ ಉಪ್ಪಿಟ್ಟು ಕೇಳುತ್ತಿದ್ದಳು. ಚಿದಂಬರಯ್ಯನವರು ಊರಿಗೆ ಹೋಗುವ ಬಂಡಿಯನ್ನು ನಿಲ್ಲಿಸಿ, ಬೊಂಬೆಯನ್ನು ಮತ್ತೆ ಮೇಜಿನ ಮೇಲಿಡಿಸಿ ನನ್ನನ್ನು ಕರೆದರು. ಕಾಲೇಜಿಗೆ ಕಾಲೇಜೇ ಬಾಗಿಲಲ್ಲಿ ನಿಂತಿತ್ತು.

“ಎರಡನೆಯ ಸಲ ಕೂರಿಸುವ ಪದ್ಧತಿ ಇಲ್ಲವಂತೆ” ಎಂದರು ಅವರು. “ಆದರೆ ನಿನ್ನೆ ನಾನು ಪ್ರಶ್ನೆಯನ್ನೇ ಪೂರ್ತಿ ಕೇಳಿರಲಿಲ್ಲ. ಅದರಿಂದ ಇದು ಮೊದಲನೆಯ ಸಲವೇ. ಲೋಕದ ಜನರ ಮೈ ಹೇಗಿರುತ್ತದೆ, ಜೋಡಿಸಿ ತೋರಿಸಿ.”

ಹಿಂದಿನ ಸಂಜೆ, ಉಳಿದವರ ಒಳಗು ಹೇಗಿರುತ್ತದೆ ಎಂದು ನಾನು ಕೇಳಿದ್ದಕ್ಕೆ, ಫರೀದಾ ನನ್ನನ್ನು ಕೂರಿಸಿಕೊಂಡು, ಅವಳ ಮಂಚದವರಲ್ಲಿ ಕಂಡದ್ದನ್ನೆಲ್ಲ ಅವರ ಒಪ್ಪಿಗೆ ಕೇಳಿ ಬಂದು ಹೇಳಿಕೊಟ್ಟಿದ್ದಳು. ನಾನು ಬೊಂಬೆಯ ಎದುರು ನಿಲ್ಲಲಿಲ್ಲ. ಅದರ ಬೆನ್ನ ಹಿಂದೆ ಹೋಗಿ, ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡ ಹಾಗೆ ಎರಡೂ ಕೈ ಮುಂದೆ ಚಾಚಿ, ಅದರ ಎಡವನ್ನು ನನ್ನ ಎಡ ಮಾಡಿಕೊಂಡು ಒಂದೊಂದನ್ನೇ ಕೂರಿಸಿದೆ. ಹೃದಯ ಗೂಡಿಗೆ ಟಕ್ ಎಂದು ಕೂತಿತು. ಯಕೃತ್ತು ಕೂತಿತು. ಜಠರ ಕೂತಿತು, ಕೈ ಬಿಟ್ಟರೂ ಬೀಳಲಿಲ್ಲ.

“ಈಗ ಸಂಕವ್ವನವರ ಮೈ. ಅವರನ್ನು ಕೇಳಿಯೇ ಬಂದಿದ್ದೇನೆ.”

ಎಲ್ಲವನ್ನೂ ಬುಟ್ಟಿಗೆ ಸುರಿದುಕೊಂಡು ಮೇಜಿನ ಮೇಲೆ, ಬೊಂಬೆಯ ಪಕ್ಕದಲ್ಲಿ, ಬರಿಯ ಮೇಜಿನ ಮೇಲೇ ಜೋಡಿಸಿದೆ. ಅವಳಿಗೆ ಹೊಂದುವ ಗೂಡು ಯಾವ ಬಡಗಿಯೂ ಕೊರೆದಿರಲಿಲ್ಲ. ಕೊನೆಗೆ ಸಣ್ಣ ಬಾಲವನ್ನು ಎತ್ತಿಕೊಂಡು, “ಇದು ಈಗ ಅಕಿ ಹೊಟ್ಟ್ಯಾಗ ಇಲ್ಲರಿ” ಎಂದು ಪಕ್ಕಕ್ಕಿಟ್ಟೆ. ಬಾಗಿಲಲ್ಲಿದ್ದವರು ಹೋ ಎಂದು ಚಪ್ಪಾಳೆ ತಟ್ಟಿದರು. ಚಿದಂಬರಯ್ಯನವರು ನಿನ್ನೆಯ ಕೆಂಪು ಶಾಯಿಯ ಮೇಲೆ ಅಡ್ಡಗೆರೆ ಎಳೆದು ಎದ್ದು ನಿಂತರು. ವತ್ಸಲಾಬಾಯಿ ತಮ್ಮ ಮೈಮೇಲಿನ ಬಿಳಿ ಕೋಟನ್ನೇ ಬಿಚ್ಚಿ ನನಗೆ ತೊಡಿಸಿದರು. ಅವರು ಸಣ್ಣ ಆಳು, ನಾನು ರೊಟ್ಟಿ ಬಡಿದ ತೋಳಿನವಳು. ತೋಳಿನ ಹೊಲಿಗೆ ಚರ್ರೆಂದಿತು. ಹಾಗೇ ಹಾಕಿಕೊಂಡು ಪೇಟೆಯ ನಡುವೆ ಮನೆಗೆ ಹೋದೆ, ದಾರಿ ಸ್ವಲ್ಪ ಸುತ್ತಾದರೂ.

ಮುಂದಿನ ತಿಳಿಗಾಲಕ್ಕೆ ಪ್ರಯೋಗಶಾಲೆಯಲ್ಲಿ ಪರದೆಗಳು ಇದ್ದವು. ನಮ್ಮ ಮರ್ಯಾದೆ ನಮಗೆ ಬೇಕು. ಆದರೆ ಪ್ರತಿಯೊಬ್ಬಳೂ ತನ್ನ ಮಂಚದವರಲ್ಲದೆ ಇನ್ನೊಬ್ಬರ ಬಳಿಯೂ ಹೋಗಿ, ಕೇಳಿ, ನೋಡಿ ಬರಬೇಕೆಂದು ಬಾಯಾರು ಕಟ್ಟುಮಾಡಿದರು. ಪಾಠ ಶುರುವಾಗುವ ಮುನ್ನ ಹುಡುಗಿಯರನ್ನೆಲ್ಲ ಮಂಚದವರ ತಲೆಯ ಕಡೆ ನಿಲ್ಲಿಸಿ, “ಯಾರ ಎಡ?” ಎಂದು ಕೇಳುವ ಕೆಲಸ ನನ್ನದು. “ಅವರ ಎಡ!” ಎಂದು ಕೋಣೆ ತುಂಬ ದನಿ ಏಳುತ್ತದೆ.

ಅರಿಶಿನ ಹಾಲಿನ ದಿನ ಸಂಕವ್ವ ತಾನಾಗಿಯೇ ಪರದೆ ಸರಿಸಿಬಿಟ್ಟಳು. ಊರಿನಲ್ಲಿ ಹಿಂದೆ ಯಾರೂ ಹಾಗೆ ಮಾಡಿದ್ದಿಲ್ಲ. ಹುಡುಗಿಯರು ನಾಚಿ ನೆಲ ನೋಡಿದರು. “ಬರ್ರೆ, ಸಾಲಾಗಿ ಬರ್ರಿ! ನಾನ ಕರ್ಯಾಕತ್ತೀನಿ, ಇನ್ನ್ಯಾಕ ನಾಚಿಕಿ? ಇಂಥಾ ಮೈ ಇನ್ನೊಂದು ಸಿಗಬೇಕಂದ್ರ ಊರೂರು ತಿರಗಬೇಕು” ಎಂದು ಗಿರಣಿಯ ದನಿಯಲ್ಲಿ ಕೂಗಿ, ಲೋಟವನ್ನು ಎತ್ತಿ ಗಟಗಟನೆ ಕುಡಿದಳು. ಹಳದಿ ಗೆರೆ ಗಂಟಲು ಬಿಟ್ಟು ಇಳಿಯಿತು. ಎದೆಯ ನಡುವೆ ಬಂತು. ಅವಳದೇ ಆದ ದಾರಿ ಹಿಡಿದು ಬಲಕ್ಕೆ ಹೊರಳಿತು. ಒಳಗಿನ ಅಡುಗೆಯವಳು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತಳು.

“ಎಲ್ಲಿಗೆ ಬಂತ, ನೀಲಾ?” ಎಂದಳು ಸಂಕವ್ವ.

“ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂತು, ಯಕ್ಕಾ.”